ಸೂಜಿ ಒಳಗಿದೆ, ರಕ್ತ ಬರುತ್ತಿಲ್ಲ: ಡಯಾಲಿಸಿಸ್ ಸೂಜಿಯನ್ನು ತಾವೇ ಹಾಕಿಕೊಳ್ಳುವವರಿಗೆ ದೋಷ ನಿವಾರಣೆ ಕೈಪಿಡಿ

ಮನೆಯಲ್ಲಿ ಡಯಾಲಿಸಿಸ್ ಶುರುವಾಗಿ ಎರಡನೆಯ ವಾರ. ಸೂಜಿ ಚರ್ಮ ದಾಟಿ ಒಳಗೆ ಹೋಗಿತ್ತು, ಆದರೆ ಕೊಳವೆಯಲ್ಲಿ ರಕ್ತ ಕಾಣಲಿಲ್ಲ. ಸೂಜಿಯನ್ನು ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ, ಸ್ವಲ್ಪ ಎಳೆದು ಮತ್ತೆ ನೂಕಿದೆ. ನಾಲ್ಕನೆಯ ಸಲ ನೂಕಿದಾಗ ಮುಂಗೈ ಮೇಲೆ ನಿಂಬೆಹಣ್ಣಿನಷ್ಟು ಊತ ಎದ್ದಿತು. ಆ ರಾತ್ರಿ ಚಿಕಿತ್ಸೆ ನಡೆಯಲಿಲ್ಲ. ಹತ್ತು ದಿನ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮರುದಿನ ನನಗೆ ಸೂಜಿ ಕಲಿಸಿದ ನರ್ಸ್ ತೋಳನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: “ಸೂಜಿ ಅಲ್ಲಾಡಿಸುವ ಮೊದಲು ಬೆರಳಿಟ್ಟು ನೋಡಿದಿರಾ?” ನೋಡಿರಲಿಲ್ಲ.

ದೋಷ ಎಲ್ಲಿದೆ ಎಂದು ಬೆರಳಿಗೆ ತಿಳಿಯುವವರೆಗೆ ಸೂಜಿ ಕದಲಬಾರದು. ನನ್ನ ತೋಳಿಗೆ ಆದ ಹಾನಿಯ ಬಹುಪಾಲು ಸೂಜಿ ತಪ್ಪಿದ್ದರಿಂದ ಆದದ್ದಲ್ಲ, ತಪ್ಪಿದ ಸೂಜಿಯನ್ನು ಹುಡುಕಾಡಿಸಿದ್ದರಿಂದ ಆದದ್ದು. ಹಾಗಾಗಿ ಈ ಕೈಪಿಡಿಯಲ್ಲಿ ಪ್ರತಿ ತೊಂದರೆಗೂ ಮೊದಲು ಬೆರಳು, ಆಮೇಲೆ ಸೂಜಿ.

ನಾನು ಹಾಸನ ಜಿಲ್ಲೆಯವನು, ಈಗ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿದ್ದೇನೆ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗೆಂದು ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಮಾಡಿದ ನಾಳ, ಎಡ ಮುಂಗೈಯಲ್ಲಿದೆ. ವಾರಕ್ಕೆ ನಾಲ್ಕು ಸಲ, ಸಲಕ್ಕೆ ಎರಡು ಸೂಜಿ, ನನ್ನ ಬಲಗೈಯಿಂದಲೇ. ಇಲ್ಲಿನ ಅನೇಕ ಡಯಾಲಿಸಿಸ್ ಘಟಕಗಳಲ್ಲಿ ರೋಗಿ ಬಯಸಿದರೆ ತೂಕ ಬರೆದುಕೊಳ್ಳುವುದು, ಯಂತ್ರ ಸಜ್ಜುಗೊಳಿಸುವುದು, ಕೊನೆಗೆ ಸೂಜಿ ಹಾಕಿಕೊಳ್ಳುವುದು ಎಂದು ಒಂದೊಂದಾಗಿ ಕಲಿಸುತ್ತಾರೆ. ಸ್ವೀಡನ್ನಿನ ಯೋನ್‌ಶೋಪಿಂಗ್ ನಗರದ ರೂಹೋವ್ ಆಸ್ಪತ್ರೆಯಲ್ಲಿ 2005ರಲ್ಲಿ ಒಬ್ಬ ರೋಗಿ ತನ್ನ ಡಯಾಲಿಸಿಸನ್ನು ತಾನೇ ಮಾಡಿಕೊಳ್ಳುತ್ತೇನೆ ಎಂದು ಕೇಳಿ ಕಲಿತ, ಬೇರೆ ರೋಗಿಗಳಿಗೂ ದಾರಿ ಮಾಡಿಕೊಟ್ಟ. ಮುಂದೆ ಅಲ್ಲಿ ರೋಗಿಗಳೇ ನಡೆಸಿಕೊಳ್ಳುವ ವಿಭಾಗವೇ ಬಂದಿತು. ನಮ್ಮೂರ ಕಡೆ ಈ ಕೆಲಸ ಟೆಕ್ನೀಷಿಯನ್ನರದು. ಆದರೂ ಅಲ್ಲಿನ ಓದುಗರಿಗೆ ಈ ಬರಹ ಬೇಕು ಎಂದು ನನಗೆ ಅನ್ನಿಸುತ್ತದೆ. ಸೂಜಿ ಯಾರ ಕೈಯಲ್ಲಿದ್ದರೂ ಫಿಸ್ಟುಲಾ ನಿಮ್ಮದು, ಅದನ್ನು ದಿನವೂ ಮುಟ್ಟಿ ನೋಡಬಲ್ಲವರು ನೀವೊಬ್ಬರೇ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳುತ್ತೇನೆ. ಇದನ್ನು ಓದಿ ಯಾರೂ ಸೂಜಿ ಹಿಡಿಯಬಾರದು. ಪಕ್ಕದಲ್ಲಿ ತರಬೇತಿ ಕೊಡುವವರನ್ನು ಕೂರಿಸಿಕೊಂಡು ವಾರಗಟ್ಟಲೆ ಕಲಿತವರಿಗೆ ಮತ್ತು ಕಲಿಯುತ್ತಿರುವವರಿಗೆ ಮಾತ್ರ ಇದು ನೆನಪಿನ ಚೀಟಿ. ನಿಮ್ಮ ಘಟಕ ಬೇರೆ ರೀತಿ ಹೇಳಿದರೆ ಘಟಕದ ಮಾತೇ ನಡೆಯಲಿ.

ಕೈಯೊಳಗಿನ ಕಾಲುವೆ

ಮಣಿಕಟ್ಟಿನ ಬಳಿ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಸೇರಿಸುವ ಉಪಾಯವನ್ನು ನ್ಯೂಯಾರ್ಕಿನ ಬ್ರೆಸ್ಚಿಯಾ, ಸಿಮಿನೊ ಮತ್ತು ಶಸ್ತ್ರಚಿಕಿತ್ಸಕ ಅಪೆಲ್ ಅವರ ತಂಡ 1966ರಲ್ಲಿ ಪ್ರಕಟಿಸಿತು. ಅಪಧಮನಿಯ ರಭಸ ನುಗ್ಗಿದ ಅಭಿಧಮನಿ ಕೆಲವು ವಾರಗಳಲ್ಲಿ ಹಿಗ್ಗಿ ಗೋಡೆ ಗಟ್ಟಿ ಮಾಡಿಕೊಳ್ಳುತ್ತದೆ. ಅದು ಸೂಜಿಗೆ ಸಿದ್ಧವೇ ಎಂದು ನೋಡಲು ಆರರ ಲೆಕ್ಕವೊಂದಿದೆ: ಶಸ್ತ್ರಚಿಕಿತ್ಸೆಯಾಗಿ 6 ವಾರ, 6 ಮಿ.ಮೀ. ಅಗಲ, ಚರ್ಮದಿಂದ 6 ಮಿ.ಮೀ.ಗಿಂತ ಕಡಿಮೆ ಆಳ, ನಿಮಿಷಕ್ಕೆ 600 ಮಿ.ಲೀ. ಹರಿವು. ನಿಮ್ಮ ನಾಳ ಎಷ್ಟು ಆಳದಲ್ಲಿದೆ ಎಂದು ಸ್ಕ್ಯಾನ್ ಮಾಡಿದವರನ್ನು ಕೇಳಿ ಬರೆದುಕೊಳ್ಳಿ. “ರಕ್ತ ಬರುತ್ತಿಲ್ಲ” ಎಂಬ ದೂರಿಗೆ ಅರ್ಧ ಉತ್ತರ ಆ ಒಂದು ಅಂಕಿಯಲ್ಲಿದೆ.

ಎರಡು ಸೂಜಿಗಳಲ್ಲಿ ಆರ್ಟೀರಿಯಲ್ ಸೂಜಿ ರಕ್ತವನ್ನು ಯಂತ್ರಕ್ಕೆ ಕಳುಹಿಸುತ್ತದೆ, ವೀನಸ್ ಸೂಜಿ ಶುದ್ಧವಾದ ರಕ್ತವನ್ನು ಮರಳಿಸುತ್ತದೆ. ಎರಡೂ ಇರುವುದು ಅದೇ ಹಿಗ್ಗಿದ ಅಭಿಧಮನಿಯಲ್ಲಿ. ಆರ್ಟೀರಿಯಲ್ ಸೂಜಿ ಹೊಲಿಗೆಯ ಕಡೆಗೆ, ವೀನಸ್ ಸೂಜಿ ಹೃದಯದ ಕಡೆಗೆ. ವೀನಸ್ ಸೂಜಿಯ ತುದಿ ಯಾವಾಗಲೂ ಹರಿವಿನ ದಿಕ್ಕಿಗೇ ಇರಬೇಕು.

ಸೂಜಿಯ ಪೊಟ್ಟಣ ಒಡೆಯುವ ಮುನ್ನ

ದಿನವೂ ಫಿಸ್ಟುಲಾವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಕಿವಿಗೆ ಹಚ್ಚಿ ಕೇಳಿ. ಆರೋಗ್ಯವಾಗಿರುವ ಫಿಸ್ಟುಲಾ ಬೆರಳಿನ ಕೆಳಗೆ ಝುಮ್ಮೆನ್ನುತ್ತದೆ. ಹಿಟ್ಟಿನ ಗಿರಣಿ ಓಡುವಾಗ ಅದರ ಗೋಡೆಗೆ ಅಂಗೈ ಇಟ್ಟವರಿಗೆ ಈ ಕಂಪನ ಗೊತ್ತು. ಇದನ್ನೇ ಥ್ರಿಲ್ ಎನ್ನುತ್ತಾರೆ.

ಕಂಪನ ಪೂರ್ತಿ ಇಲ್ಲವಾದರೆ ಸೂಜಿ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಘಟಕಕ್ಕೆ ಕರೆ ಮಾಡಿ. ಬೇಗ ಹೋದಷ್ಟೂ ಫಿಸ್ಟುಲಾವನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಬೆಳಗಾಗಲಿ ಎಂದು ಕಾಯಬೇಡಿ.

ಕಂಪನದ ಬದಲು ಬಾಗಿಲು ತಟ್ಟಿದ ಹಾಗೆ ಗಟ್ಟಿಯಾದ ಬಡಿತ ಸಿಕ್ಕರೆ ಮುಂದೆಲ್ಲೋ ನಾಳ ಕಿರಿದಾಗಿದೆ ಎಂದು ಅನುಮಾನಿಸಿ. ಗದ್ದೆಯ ಕಾಲುವೆಗೆ ಕೆಳಗೆ ಕಸ ಸಿಕ್ಕಿಕೊಂಡರೆ ಮೇಲೆ ನೀರು ಉಬ್ಬಿ ನಿಲ್ಲುತ್ತದೆಯಲ್ಲ, ಹಾಗೆ. ಪರೀಕ್ಷೆ ಸುಲಭ: ಕೈಯನ್ನು ತಲೆಗಿಂತ ಮೇಲೆ ಎತ್ತಿ. ಉಬ್ಬಿದ ನಾಳ ಕುಸಿಯಬೇಕು. ಒಂದು ಜಾಗದವರೆಗೆ ಉಬ್ಬಿಯೇ ಇದ್ದು ಅಲ್ಲಿಂದ ಮುಂದೆ ಮಾತ್ರ ಕುಸಿದರೆ ಅಡ್ಡಿ ಇರುವುದು ಆ ಜಾಗದಲ್ಲೇ. ಇನ್ನು ಒಳಹರಿವಿನ ಪರೀಕ್ಷೆ. ಕೈ ಇಳಿಸಿ, ಫಿಸ್ಟುಲಾದ ಮೇಲ್ಭಾಗವನ್ನು ಕ್ಷಣಕಾಲ ಬೆರಳಿನಿಂದ ಒತ್ತಿ ಹಿಡಿಯಿರಿ. ಒತ್ತಿದ ಜಾಗದ ಕೆಳಗೆ ಬಡಿತ ಜೋರಾಗಬೇಕು. ಆಗದೆ ಸೊರಗಿದಂತಿದ್ದರೆ ರಕ್ತ ಒಳಗೆ ಬರುವ ದಾರಿಯೇ ಕಿರಿದಾಗಿರಬಹುದು. ಎರಡರಲ್ಲಿ ಯಾವುದು ಕಂಡರೂ ಸ್ಕ್ಯಾನ್ ಬೇಕು ಎಂದು ಕೇಳಿ. ನಾಳದೊಳಗೆ ಬಲೂನ್ ಹಾಯಿಸಿ ಕಿರಿದಾದ ಜಾಗವನ್ನು ಹಿಗ್ಗಿಸುತ್ತಾರೆ. ನನಗೆ ಒಮ್ಮೆ ಹಾಗೆ ಮಾಡಿದರು. ಅದನ್ನು ಮೊದಲು ಕಂಡುಹಿಡಿದದ್ದು ಯಾವ ಯಂತ್ರವೂ ಅಲ್ಲ, ಬೆಳಿಗ್ಗೆ ಹಲ್ಲುಜ್ಜುವಾಗ ಮೇಲೆತ್ತಿದ ನನ್ನ ಕೈ.

ಕೈ ನಡುಗುತ್ತದೆ

ಇದು ಕೂಡ ದೋಷವೇ, ಇದಕ್ಕೂ ಕಾರಣವಿದೆ. ಬೇರೆಯವರು ಚುಚ್ಚುವಾಗ ನಾವು ಮುಖ ತಿರುಗಿಸಿಕೊಳ್ಳಬಹುದು. ನಾವೇ ಚುಚ್ಚಿಕೊಳ್ಳುವಾಗ ಕಣ್ಣು ಅಲ್ಲೇ ಇರಬೇಕು. ಮೊದಲ ಸಲ ನಾನು ಸೂಜಿ ಹಿಡಿದು ಇಪ್ಪತ್ತು ನಿಮಿಷ ಕುಳಿತಿದ್ದೆ. ನರ್ಸ್ ಅವಸರ ಮಾಡಲಿಲ್ಲ. “ಇವತ್ತು ಬರೀ ಟೇಪ್ ಅಂಟಿಸಿ, ಸೂಜಿ ನಾಳೆ” ಎಂದರು. ಮೂರನೆಯ ವಾರ ಅವರ ಕೈಮೇಲೆ ನನ್ನ ಕೈ ಇಟ್ಟು ಚುಚ್ಚಿದೆ, ಐದನೆಯ ವಾರ ನನ್ನ ಕೈಮೇಲೆ ಅವರ ಕೈ.

ನಡುಕ ನೋವಿನ ಭಯದ್ದಾದರೆ ಲಿಡೊಕೇಯ್ನ್ ಮತ್ತು ಪ್ರಿಲೊಕೇಯ್ನ್ ಬೆರೆತ ಮರಗಟ್ಟಿಸುವ ಮುಲಾಮು ಸಿಗುತ್ತದೆ. ಒಂದು ಗಂಟೆ ಮುಂಚೆ ಹಚ್ಚಿ, ಚುಚ್ಚುವ ಮೊದಲು ಪೂರ್ತಿ ತೊಳೆದು, ಆಮೇಲೆ ಚರ್ಮ ಶುಚಿಮಾಡಬೇಕು. ನಡುಕ ಕೈಗೆ ಆಸರೆ ಇಲ್ಲದ್ದರಿಂದಾದರೆ ಕಿರುಬೆರಳನ್ನು ತೋಳಿನ ಮೇಲೆ ಊರಿ. ರಂಗೋಲಿ ಎಳೆಯುವವರ ಕೈಯನ್ನು ನೋಡಿ, ಹಿಟ್ಟು ಹಿಡಿದ ಬೆರಳು ಓಡುತ್ತದೆ, ಅಂಗೈ ಸ್ಥಿರವಾಗಿರುತ್ತದೆ. ಇನ್ನೊಂದು ಮಾತು: ನಿಧಾನವಾಗಿ ಚುಚ್ಚಿದರೆ ನೋವು ಕಡಿಮೆ ಎಂದು ನಾನು ನಂಬಿದ್ದೆ. ನನ್ನ ಅನುಭವದಲ್ಲಿ ಅದು ತಪ್ಪು. ಚರ್ಮವನ್ನು ಒಂದೇ ನಿರ್ಧಾರದಲ್ಲಿ ದಾಟಬೇಕು, ನಿಧಾನ ಬೇಕಾದದ್ದು ಅದರ ನಂತರ.

ಸೂಜಿ ಒಳಗಿದೆ, ರಕ್ತ ಬರುತ್ತಿಲ್ಲ

ನಿಲ್ಲಿಸಿ. ಸೂಜಿ ಹಿಡಿದ ಕೈಯನ್ನು ಅಲ್ಲೇ ಊರಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಸೂಜಿಯ ರೆಕ್ಕೆಯನ್ನು (ಹಿಡಿಯಲು ಎರಡೂ ಬದಿಗಿರುವ ಪ್ಲಾಸ್ಟಿಕ್ ಪಟ್ಟಿ) ಅವರು ಹಿಡಿದುಕೊಳ್ಳಲಿ. ಇಲ್ಲವಾದರೆ ಒಂದು ತುಂಡು ಟೇಪ್ ಹಾಕಿ ಬೆರಳನ್ನು ಬಿಡಿಸಿಕೊಳ್ಳಿ. ಈಗ ಶುಚಿಯಾದ ಕೈಗವಸಿನ ಬೆರಳಿನಿಂದ ಸೂಜಿಯ ತುದಿ ಇರಬಹುದಾದ ಜಾಗದ ಮುಂದೆ, ಹಿಂದೆ, ಎರಡೂ ಪಕ್ಕ ಮೆಲ್ಲನೆ ಮುಟ್ಟಿ ನೋಡಿ.

ನಾಳ ಸೂಜಿಯ ನೇರ ಕೆಳಗೇ ಝುಮ್ಮೆನ್ನುತ್ತಿದ್ದರೆ ಸೂಜಿ ಇನ್ನೂ ಅಲ್ಲಿಗೆ ತಲುಪಿಲ್ಲ. ಕೋನ ತೀರ ಚಪ್ಪಟೆಯಾಗಿದೆ. ಸಾಧಾರಣ ಫಿಸ್ಟುಲಾಗೆ ಸುಮಾರು 25 ಡಿಗ್ರಿ ಸಾಕು, ಆಳದ ನಾಳಕ್ಕೆ ಹೆಚ್ಚು ಬೇಕು. ಅದೇ ದಿಕ್ಕಿನಲ್ಲಿ ಒಂದೆರಡು ಮಿ.ಮೀ. ಮುಂದೆ ಸರಿಸಿದರೆ ಗೋಡೆ ದಾಟುವಾಗ ಒಂದು ಸಣ್ಣ ‘ಟಪ್’ ಬೆರಳಿಗೆ ತಿಳಿಯುತ್ತದೆ, ಕೊಳವೆಗೆ ಕೆಂಪು ನುಗ್ಗುತ್ತದೆ.

ನಾಳ ಪಕ್ಕಕ್ಕೆ ಸರಿದಿದ್ದರೆ ಸೂಜಿ ಅದರ ಬದಿಯಲ್ಲಿದೆ. ಚರ್ಮವನ್ನು ಮೊದಲೇ ಎಳೆದು ಬಿಗಿ ಹಿಡಿಯದಿದ್ದಾಗ ಹೀಗಾಗುತ್ತದೆ, ಒಂದೇ ಕೈಯಿಂದ ಕೆಲಸ ಮಾಡುವ ನಮಗೆ ಎಲ್ಲರಿಗಿಂತ ಹೆಚ್ಚು. ಇಲ್ಲಿ ಸೂಜಿಯನ್ನು ಒಳಗಿಟ್ಟೇ ಪಕ್ಕಕ್ಕೆ ಕೆರೆದು ಹುಡುಕುವುದು ನಾನು ಮಾಡಿದ ತಪ್ಪು. ಚರ್ಮದ ಹತ್ತಿರದವರೆಗೆ ನೇರವಾಗಿ ಹಿಂದಕ್ಕೆ ತಂದು, ಬೆರಳು ತೋರಿಸಿದ ದಿಕ್ಕಿಗೆ ಒಂದೇ ಒಂದು ಸಲ ತಿದ್ದಿ ಮುಂದುವರಿಸಬಹುದು. ಎರಡನೆಯ ತಿದ್ದುಪಡಿ ಇಲ್ಲ. ಸೂಜಿ ತೆಗೆದು ಒತ್ತಿ ಹಿಡಿಯಿರಿ.

ನಾಳವೇ ಮೆತ್ತಗೆ, ಸಣ್ಣದಾಗಿ ಸಿಗುತ್ತಿದ್ದರೆ ತಪ್ಪು ಸೂಜಿಯದ್ದಲ್ಲ. ರಕ್ತದೊತ್ತಡ ನೋಡಿ. ವಾಂತಿಭೇದಿ ಆಗಿತ್ತೇ, ಒತ್ತಡದ ಮಾತ್ರೆ ಹೆಚ್ಚಾಯಿತೇ ಯೋಚಿಸಿ. ತೋಳಿಗೆ ಬಿಗಿಯುವ ಪಟ್ಟಿ, ಟರ್ನಿಕೆಟ್, ಕಟ್ಟಿದ್ದೀರಾ? ಉಬ್ಬಿದ ಫಿಸ್ಟುಲಾಗೆ ಅದು ಬೇಡ ಎಂದು ಕೆಲವರು ಬಿಡುತ್ತಾರೆ. ನಾಳವನ್ನು ಉಬ್ಬಿಸುವುದಕ್ಕಿಂತ ಅದನ್ನು ಅಲುಗದಂತೆ ಹಿಡಿಯುವುದೇ ಅದರ ದೊಡ್ಡ ಉಪಯೋಗ. ಒಂದೇ ಕೈಯಿಂದ ಬಿಗಿಯುವ ಪಟ್ಟಿ ಸಿಗುತ್ತದೆ. ಸೂಜಿ ಕೂತೊಡನೆ ಅದನ್ನು ಬಿಚ್ಚಲು ಮರೆಯಬೇಡಿ.

ಎರಡು ಪ್ರಯತ್ನ ವಿಫಲವಾದರೆ ಆ ದಿನ ಮೂರನೆಯದು ನಿಮ್ಮದಲ್ಲ. ಘಟಕಕ್ಕೆ ಕರೆ ಮಾಡಿ.

ರಕ್ತ ಬಂತು, ಯಂತ್ರ ಕೂಗುತ್ತಿದೆ

ಯಂತ್ರಕ್ಕೆ ಜೋಡಿಸುವ ಮೊದಲೇ ಸಿರಿಂಜಿನಿಂದ ಪರೀಕ್ಷಿಸುವ ಅಭ್ಯಾಸವಿದ್ದರೆ ಇಲ್ಲಿನ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ರಕ್ತ ಸರಾಗವಾಗಿ ಹಿಂದಕ್ಕೆ ಬರಬೇಕು. ಸಲೈನ್ ಸರಾಗವಾಗಿ ಒಳಗೆ ಹೋಗಬೇಕು, ಉರಿಯಬಾರದು, ಉಬ್ಬಬಾರದು. ಮುಖ್ಯವಾಗಿ ವೀನಸ್ ಸೂಜಿಗೆ ಇದನ್ನು ಎಂದೂ ಬಿಡಬೇಡಿ. ಪಂಪ್ ರಕ್ತವನ್ನು ತಳ್ಳುವುದು ಅದರ ಮೂಲಕವೇ.

ಆರ್ಟೀರಿಯಲ್ ಒತ್ತಡ ಯಾವಾಗಲೂ ಋಣ ಅಂಕಿ, ಯಂತ್ರ ರಕ್ತವನ್ನು ಹೀರುತ್ತಿರುತ್ತದೆ. ನನ್ನ ಘಟಕ ಹಾಕಿಕೊಟ್ಟ ಗಡಿ −200 ಮಿ.ಮೀ. ಪಾದರಸ. ಅದನ್ನು ದಾಟಿ ಇಳಿದರೆ ಮೊದಲು ಕೊಳವೆ ಮಡಿಚಿದೆಯೇ, ಕ್ಲಾಂಪ್ ಪೂರ್ತಿ ತೆರೆದಿದೆಯೇ, ಮೊಣಕೈ ಮಡಿಸಿದ್ದೀರಾ ನೋಡಿ. ಎಲ್ಲ ಸರಿ ಇದ್ದರೆ ಸೂಜಿಯ ಬಾಯಿ ನಾಳದ ಗೋಡೆಗೆ ಅಂಟಿರಬಹುದು. ಪಂಪಿನ ವೇಗ ಇಳಿಸಿ, ಸೂಜಿಯ ರೆಕ್ಕೆಯ ಕೆಳಗೆ ಮಡಿಚಿದ ಗಾಜ್ ಬಟ್ಟೆಯ ತುಂಡನ್ನು ಸೇರಿಸಿ ಅಥವಾ ಇರುವುದನ್ನು ತೆಗೆಯಿರಿ. ಕೂದಲೆಳೆಯಷ್ಟು ಕೋನ ಬದಲಾದರೂ ಅಂಕಿ ಮೇಲೇಳುತ್ತದೆ. ಸೂಜಿಯನ್ನು ಅದರ ಅಕ್ಷದ ಮೇಲೆ 180 ಡಿಗ್ರಿ ತಿರುಗಿಸುವ ಹಳೆಯ ಪದ್ಧತಿಯೊಂದಿದೆ. ಅದು ಬೇಡ, ಹರಿತವಾದ ಅಂಚು ನಾಳದ ಒಳಪದರವನ್ನು ಸೀಳುತ್ತದೆ.

ಸೂಜಿಯ ದಪ್ಪವನ್ನೂ ನೋಡಿ. ಗೇಜ್ ಅಂಕಿ ಹೆಚ್ಚಾದಷ್ಟು ಸೂಜಿ ಸಣ್ಣ. ಹೊಸ ಫಿಸ್ಟುಲಾಗೆ 17 ಗೇಜ್‌ನಿಂದ ಆರಂಭಿಸುತ್ತಾರೆ, ಬಲಿತ ಮೇಲೆ 15ಕ್ಕೆ ಬರುತ್ತಾರೆ. 17ರ ಸೂಜಿ ಹಾಕಿಕೊಂಡು ನಿಮಿಷಕ್ಕೆ 350 ಮಿ.ಲೀ. ಕೇಳಿದರೆ ಯಂತ್ರ ಕೂಗದೆ ಇನ್ನೇನು ಮಾಡೀತು.

ವೀನಸ್ ಒತ್ತಡ ಏರಿದರೆ ಮೊದಲು ಸೂಜಿಯ ಸುತ್ತ ಬೆರಳಿಡಿ. ಗಟ್ಟಿಯಾಗಿದ್ದರೆ, ನೋಯುತ್ತಿದ್ದರೆ, ಎರಡೂ ತೋಳುಗಳನ್ನು ಜೊತೆಗಿಟ್ಟಾಗ ಒಂದು ದಪ್ಪ ಕಂಡರೆ ರಕ್ತ ನಾಳದ ಹೊರಗೆ ಹೋಗುತ್ತಿದೆ. ಪಂಪ್ ತಕ್ಷಣ ನಿಲ್ಲಿಸಿ. ಊತವಿಲ್ಲದೆ ಒತ್ತಡ ಮಾತ್ರ ಏರಿದ್ದರೆ ಕೊಳವೆಯ ಮಡಿಕೆ, ಕ್ಲಾಂಪ್, ಹೆಪ್ಪು, ಈ ಕ್ರಮದಲ್ಲಿ ಹುಡುಕಿ. ಒಂದು ದಿನದ ಅಂಕಿಗಿಂತ ಹಲವು ದಿನಗಳ ಅಂಕಿಗಳು ಹೆಚ್ಚು ಹೇಳುತ್ತವೆ. ಅದೇ ಸೂಜಿ, ಅದೇ ವೇಗ ಇದ್ದೂ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮುಂದೆ ನಾಳ ಕಿರಿದಾಗುತ್ತಿರಬಹುದು. ಪ್ರತಿ ಸಲ ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ.

ಒತ್ತಡ ಸರಿ ಇದೆ, ರಕ್ತಪರೀಕ್ಷೆ ಮಾತ್ರ ಕೆಟ್ಟಿದೆ ಎಂದಾದರೆ ಎರಡು ಸೂಜಿಗಳ ಕೊಳವೆಗಳು ಅದಲುಬದಲಾಗಿವೆಯೇ ನೋಡಿ. ಆಗ ಶುದ್ಧವಾದ ರಕ್ತವೇ ಮತ್ತೆ ಯಂತ್ರಕ್ಕೆ ಹೋಗುತ್ತಿರುತ್ತದೆ. ತುದಿಗಳ ನಡುವೆ 5 ಸೆಂ.ಮೀ. ಅಂತರವಿರಲಿ.

ಊತ ಬಂದೇ ಬಿಟ್ಟರೆ

ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇನ್ನೂ ಹೋಗಿಲ್ಲವಾದರೆ ಸೂಜಿ ತೆಗೆದು ಮೆತ್ತಗೆ, ಆದರೆ ಬಿಡದೆ ಒತ್ತಿ. ಹೆಪಾರಿನ್ ಹೋಗಿದ್ದರೆ ಸೂಜಿಯನ್ನು ತೆಗೆಯಬೇಕೇ, ಕ್ಲಾಂಪ್ ಹಾಕಿ ಅಲ್ಲೇ ಬಿಡಬೇಕೇ ಎಂದು ಘಟಕವನ್ನು ಕೇಳಿ. ಅವಸರದಲ್ಲಿ ತೆಗೆದರೆ ಒಳಗೆ ಇನ್ನಷ್ಟು ಸೋರಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮೊದಲ ದಿನ ಬಿಟ್ಟು ಬಿಟ್ಟು ಇಡಿ, ಮರುದಿನದಿಂದ ಬಿಸಿಬಟ್ಟೆಯ ಶಾಖ. ಊರಲ್ಲಿ ಅಮ್ಮ ಫೋನಿನಲ್ಲಿ ಹೇಳಿದಂತೆ ಅದೇ ರಾತ್ರಿ ಶಾಖ ಕೊಟ್ಟು ಊತ ಹೆಚ್ಚಿಸಿಕೊಂಡಿದ್ದೇನೆ, ಆದ್ದರಿಂದ ಈ ಕ್ರಮವನ್ನು ಒತ್ತಿ ಹೇಳುತ್ತೇನೆ. ಊತ ಇಳಿಯುವವರೆಗೆ ಆ ಜಾಗಕ್ಕೆ ಸೂಜಿ ಬೇಡ.

ಮೊಂಡು ಸೂಜಿ ಕಾಜಕ್ಕೆ ಇಳಿಯುತ್ತಿಲ್ಲ

1970ರ ದಶಕದಲ್ಲಿ ಪೋಲೆಂಡಿನ ವೈದ್ಯ ತ್ವಾರ್ದೋವ್ಸ್ಕಿ ಅವರ ಮುಂದೆ ಚುಚ್ಚಲು ಜಾಗವೇ ಇಲ್ಲದ ಒಬ್ಬ ರೋಗಿ ಇದ್ದರು. ಅದೇ ತೂತುಗಳಿಗೆ ಮತ್ತೆ ಮತ್ತೆ ಚುಚ್ಚಬೇಕಾಯಿತು. ಆಗ ಗೊತ್ತಾಯಿತು, ಅದೇ ಜಾಗಕ್ಕೆ ಅದೇ ಕೋನದಲ್ಲಿ ಚುಚ್ಚುತ್ತಾ ಹೋದರೆ ಒಳಗೊಂದು ಸುರಂಗ ಆಗುತ್ತದೆ, ಕಿವಿ ಚುಚ್ಚಿದ ತೂತು ಓಲೆಗೆ ಪಳಗುವ ಹಾಗೆ. ಆಮೇಲೆ ಹರಿತವಿಲ್ಲದ ಮೊಂಡು ಸೂಜಿ ಸಾಕು. ಇದನ್ನು ಬಟನ್‌ಹೋಲ್ ಎನ್ನುತ್ತಾರೆ. ದರ್ಜಿಗಳ ಮಾತಿನಲ್ಲಿ ಕಾಜ. ಸುರಂಗವಾಗುವವರೆಗೆ ಒಬ್ಬರ ಕೈಯೇ ಚುಚ್ಚಬೇಕು ಎಂಬುದು ನಿಯಮ. ತಾವೇ ಹಾಕಿಕೊಳ್ಳುವವರಿಗೆ ಇದು ಒಗ್ಗುವುದು ಅದಕ್ಕೇ.

ಸೂಜಿ ಒಳಗೆ ಹೋಗಿ ಚಿಮ್ಮಿ ಚಿಮ್ಮಿ ಹಿಂದಕ್ಕೆ ಬರುತ್ತಿದೆಯೇ? ಸುರಂಗ ಸರಿ ಇದೆ, ಆದರೆ ನಾಳದ ಗೋಡೆಯ ಬಾಗಿಲಿಗೆ ಸೂಜಿ ಎದುರಾಗಿಲ್ಲ. ನೂಕಬೇಡಿ. ತೋಳು ಇಟ್ಟ ಭಂಗಿ ಎಂದಿನದೇ ನೋಡಿ. ಒಮ್ಮೆ ನಾನು ಕುರ್ಚಿ ಬದಲಿಸಿದ್ದೆ, ಅಷ್ಟಕ್ಕೇ ಮೂರು ದಿನ ಕಾಡಿತು. ಟರ್ನಿಕೆಟನ್ನು ಎಂದಿನ ಬಿಗಿಗೆ ತನ್ನಿ, ಚರ್ಮವನ್ನು ಎಂದಿನಷ್ಟೇ ಎಳೆಯಿರಿ. ಸೂಜಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಗುರವಾಗಿ ಹೊಸೆಯುತ್ತಾ ಬಿಡಿ, ಅದೇ ದಾರಿ ಹುಡುಕಿಕೊಳ್ಳಲಿ. ಆಗಲಿಲ್ಲವಾದರೆ ಬೇರೆ ಜಾಗಕ್ಕೆ ಹರಿತ ಸೂಜಿ ಹಾಕಿ. ಹರಿತ ಸೂಜಿಯನ್ನು ಅದೇ ಸುರಂಗಕ್ಕೆ ಹಾಕಿದರೆ ಪಕ್ಕದಲ್ಲಿ ಸುಳ್ಳು ದಾರಿ ಕೊರೆದುಬಿಡುತ್ತದೆ.

ಸುರಂಗದ ಬಾಯಿಯ ಹಕ್ಕಳೆ ಇಲ್ಲಿ ಎಲ್ಲಕ್ಕಿಂತ ಗಂಭೀರ ವಿಷಯ. ಅದರಲ್ಲಿ ಕೀಟಾಣುಗಳು ಕುಳಿತಿರುತ್ತವೆ. ಹಕ್ಕಳೆಯ ಮೇಲೆಯೇ ಸೂಜಿ ನೂಕಿದರೆ ಅವು ನೇರ ರಕ್ತಕ್ಕೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ರಕ್ತ ಸೇರಿ ಹೃದಯದ ಕವಾಟದವರೆಗೂ ಹೋಗಬಲ್ಲದು. ಬಟನ್‌ಹೋಲ್ ಪದ್ಧತಿಯಲ್ಲಿ ಸೋಂಕಿನ ಅಪಾಯ ಹೆಚ್ಚು ಎಂಬ ಕಾರಣಕ್ಕೇ ಅನೇಕ ಘಟಕಗಳು ಇದನ್ನು ಎಲ್ಲರಿಗೂ ಕೊಡುವುದಿಲ್ಲ, ನಾಳದ ಉದ್ದಕ್ಕೂ ಏಣಿಯ ಮೆಟ್ಟಿಲಿನಂತೆ ಜಾಗ ಬದಲಿಸುತ್ತಾ ಚುಚ್ಚಲು ಹೇಳುತ್ತವೆ. ತೋಳು ತೊಳೆಯಿರಿ, ಶುಚಿಗೊಳಿಸಿ, ಹಕ್ಕಳೆಯನ್ನು ಸಲೈನ್ ಗಾಜ್‌ನಿಂದ ನೆನೆಸಿ, ಪೂರ್ತಿಯಾಗಿ ತೆಗೆಯಿರಿ. ಉಗುರಿನಿಂದಲ್ಲ, ಚುಚ್ಚುವ ಸೂಜಿಯಿಂದಲೂ ಅಲ್ಲ. ತೆಗೆದ ಮೇಲೆ ಮತ್ತೆ ಶುಚಿಗೊಳಿಸಿ ಒಣಗಲು ಬಿಡಿ. ಒಣಗದೆ ಔಷಧ ಕೆಲಸ ಮುಗಿಸುವುದಿಲ್ಲ. ಕೆಂಪು, ಕೀವು, ಬಿಸಿ ಕಂಡರೆ ಆ ಜಾಗ ಬೇಡ. ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆ.

ಟೇಪಿನ ಕೆಳಗೆ ತೇವ

ವೀನಸ್ ಸೂಜಿ ಜಾರಿ ಹೊರಬಂದರೆ ಪಂಪ್ ರಕ್ತವನ್ನು ಹಾಸಿಗೆಗೆ ಸುರಿಯುತ್ತದೆ. ನಿಮಿಷಕ್ಕೆ 300 ಮಿ.ಲೀ. ವೇಗದಲ್ಲಿ ಮೂರು ನಿಮಿಷಕ್ಕೆ 900 ಮಿ.ಲೀ. ಯಂತ್ರದ ಒತ್ತಡದ ಅಲಾರಾಂ ಇದನ್ನು ಹಿಡಿಯುತ್ತದೆ ಎಂದು ನಂಬಬೇಡಿ. ಸೂಜಿಯೇ ಒಡ್ಡುವ ತಡೆಯಿಂದ ಒತ್ತಡ ಗಡಿಯ ಒಳಗೇ ಉಳಿಯಬಹುದು. ಹಾಗಾಗಿ ತೋಳಿನ ಮೇಲೆ ಹೊದಿಕೆ ಬೇಡ, ಯಾರ್ಕ್‌ಷೈರ್‌ನ ಚಳಿಯಲ್ಲೂ. ಒಂದು ಟೇಪ್ ಸೂಜಿಯ ಕೆಳಗಿನಿಂದ ಬಂದು ಮೇಲೆ ಕತ್ತರಿಯಾಕಾರದಲ್ಲಿ ದಾಟಲಿ, ಕೊಳವೆಗೆ ಸಡಿಲ ಕುಣಿಕೆ ಇರಲಿ. ಚರ್ಮದ ಮೇಲಿನ ಕೂದಲು, ಬೆವರು, ಒಣಗದ ಔಷಧ, ಮೂರೂ ಟೇಪಿನ ಶತ್ರುಗಳು. ರಾತ್ರಿ ಮಲಗಿ ಚಿಕಿತ್ಸೆ ತೆಗೆದುಕೊಳ್ಳುವವರು ತೇವ ಗುರುತಿಸುವ ಸಂವೇದಕ ಇಲ್ಲದೆ ಕಣ್ಣು ಮುಚ್ಚಬಾರದು.

ಸೂಜಿ ತೆಗೆದ ಮೇಲೆ ರಕ್ತ ನಿಲ್ಲುತ್ತಿಲ್ಲ

ಹಾಕಿದ ಕೋನದಲ್ಲೇ ತೆಗೆಯಿರಿ, ಪೂರ್ತಿ ಹೊರಬಂದ ಮೇಲೆ ಒತ್ತಿ. ಮೊದಲೇ ಒತ್ತಿದರೆ ಸೂಜಿಯ ಅಂಚು ನಾಳವನ್ನು ಕೊಯ್ಯುತ್ತದೆ. ಒಂದು ತೂತು ಚರ್ಮದಲ್ಲಿದೆ, ಇನ್ನೊಂದು ಸ್ವಲ್ಪ ಮುಂದೆ ನಾಳದಲ್ಲಿ. ಆದ್ದರಿಂದ ಎರಡು ಬೆರಳು. ಹತ್ತು ನಿಮಿಷ ಎತ್ತಿ ನೋಡದೆ ಒತ್ತಿ. ಕಂಪನ ಬೆರಳಿಗೆ ತಿಳಿಯುತ್ತಿರಬೇಕು, ಅಷ್ಟೇ ಒತ್ತಡ. ಇಪ್ಪತ್ತು ನಿಮಿಷವಾದರೂ ನಿಲ್ಲದೆ, ಇದೇ ಮರುಕಳಿಸಿದರೆ ಹೆಪಾರಿನ್ ಹೆಚ್ಚಾಗಿದೆ ಅಥವಾ ಮುಂದೆ ನಾಳ ಕಿರಿದಾಗಿದೆ. ಘಟಕಕ್ಕೆ ತಿಳಿಸಿ.

ಬೇರೆ ದಿನಗಳಲ್ಲಿ ಫಿಸ್ಟುಲಾದ ಮೇಲಿನ ಚರ್ಮ ತೆಳ್ಳಗೆ ಮಿರುಗುತ್ತಿದ್ದರೆ, ಹಕ್ಕಳೆ ದೊಡ್ಡದಾಗುತ್ತಿದ್ದರೆ ಅಥವಾ ಕಪ್ಪಾಗುತ್ತಿದ್ದರೆ ಅದೇ ದಿನ ತೋರಿಸಿ. ಅಲ್ಲಿ ರಕ್ತ ಚಿಮ್ಮಿದರೆ ಟವೆಲ್ ಸುತ್ತಬೇಡಿ, ಅದು ರಕ್ತ ಹೀರುತ್ತದೆಯೇ ಹೊರತು ತಡೆಯುವುದಿಲ್ಲ. ಬೆರಳಿನಿಂದ ತೂತಿನ ಮೇಲೆಯೇ ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿದು, ಮಲಗಿ, ಆಂಬುಲೆನ್ಸ್ ಕರೆಯಿರಿ: ಇಲ್ಲಿ 999, ಕರ್ನಾಟಕದಲ್ಲಿ 108. ಫೋನ್ ಬಲಗೈಗೆ ಎಟುಕುವಂತಿರಲಿ. ಯಂತ್ರ ಶುರುಮಾಡುವ ಮೊದಲು ನಾನು ಎದ್ದುಹೋಗಿ ಮುಂಬಾಗಿಲಿನ ಒಳಚಿಲಕ ತೆಗೆದಿಟ್ಟು ಬರುತ್ತೇನೆ.